ಇನ್ನೂರು ಜೀವಂತ ಚಿಗಟಗಳು

ಇಪ್ಪತ್ತು ಎಂದು ಬರೆದಿದ್ದರೆ ಸಾಕಿತ್ತು. ಉನೋಶಿಚಿ ಇನ್ನೂರು ಎಂದು ಬರೆದ.

ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಒಸಾಕದ ಔಷಧಿ ಬೀದಿಯಲ್ಲಿ ಚಿಗಟದ ಪುಡಿ ಮಾರುವ ಹರಿಮಾಯ ಅಂಗಡಿಯ ಕರಪತ್ರಗಳನ್ನೆಲ್ಲ ಬರೆಯುತ್ತಿದ್ದವನು ಅವನೇ. ಕುಂಚ ಹಿಡಿದು ಕೂತಾಗ ಇಪ್ಪತ್ತು ಎಂಬುದು ಹಾಳೆಯ ಮೇಲೆ ಜ್ವರ ಬಿಟ್ಟೆದ್ದವನ ಹಾಗೆ ಬಡಕಲಾಗಿ ಕಂಡಿತು. ಅಯ್ಯೋ ಪಾಪ ಎನ್ನಿಸಿ ಇನ್ನೂರು ಮಾಡಿದ. ಹೀಗಾಗಿ ಮೂರು ಸಾವಿರ ಕರಪತ್ರಗಳಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾದದ್ದು ಇದು: “ಯಮರಾಯನ ಛಾಪಿನ ಚಿಗಟದ ಪುಡಿ! ಇದೇ ಹದಿನಾಲ್ಕರಂದು ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಅಂಗಡಿಯ ಮುಂದೆ ಇನ್ನೂರು ಜೀವಂತ ಚಿಗಟಗಳಿಗೆ ಯಮಲೋಕದ ದಾರಿ ತೋರಿಸಲಾಗುವುದು. ಕುಟುಂಬ ಸಮೇತ ಬಂದು ನೋಡಿ ಆನಂದಿಸಿ.”

ಬೀದಿಬೀದಿಯಲ್ಲಿ ಸುದ್ದಿ ಸಾರುವ ಮಾಮೆಹಾಚಿ ಎದೆಗೆ ಡೋಲು ಕಟ್ಟಿಕೊಂಡು ಈ ಹಾಳೆಗಳನ್ನು ಹೊಳೆಯಾಚೆಯವರೆಗೂ ಹಂಚಿಬಂದ. ಹದಿನಾಲ್ಕರ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಿರುವಾಗ ಉನೋಶಿಚಿಗೆ ಹೊಳೆಯಿತು: ನಿನ್ನೆ, ಹದಿಮೂರನೇ ತಾರೀಕು, ವಸಂತದ ದೊಡ್ಡ ಶುಚಿ ದಿನವಾಗಿತ್ತು.

ಪೊಲೀಸರು ಗೊತ್ತುಮಾಡಿದ ಆ ದಿನ ಬೀದಿಯ ಒಂದೊಂದು ಮನೆಯೂ ತನ್ನ ತತಾಮಿ ಚಾಪೆಗಳನ್ನೆಲ್ಲ ಹೊರಗೆ ಎಳೆದು, ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ಬಿದಿರುಕೋಲಿನಿಂದ ಬಡಿದಿತ್ತು. ನೆಲ ಗುಡಿಸಿ, ಹಳೆ ಪತ್ರಿಕೆ ಹಾಸಿ, ಅದರ ಮೇಲೆ ಯಮರಾಯನ ಪುಡಿ ಉದುರಿಸಿ, ಚಾಪೆಗಳನ್ನು ಮತ್ತೆ ಒಳಗಿಟ್ಟಿತ್ತು. ಸಂಜೆ ನೈರ್ಮಲ್ಯದ ಪೊಲೀಸ್ ಅಧಿಕಾರಿ ನುಕಾಗ ಸಾಹೇಬರು ಬಂದು, ಮೂಲೆಮೂಲೆಗೂ ಬೆರಳಾಡಿಸಿ ನೋಡಿ, ನಲವತ್ತಾರು ಮನೆಗಳ ಬಾಗಿಲಿಗೂ ‘ಶುಚಿಯಾಗಿದೆ’ ಎಂಬ ಚೀಟಿ ಅಂಟಿಸಿ ಹೋಗಿದ್ದರು. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಔಷಧಿ ಬೀದಿಯಲ್ಲಿ ಚಿಗಟಕ್ಕೆ ಬರಗಾಲವಿರುವ ದಿನ ಒಂದೇ. ಅದು ಇಂದು.

“ಎಷ್ಟಿವೆ?” ಎಂದು ಕೇಳಿದರು ಯಜಮಾನ ಕಿಹೇಯಿ, ಚಹಾ ಗಂಜಿ ಊದಿಕೊಳ್ಳುತ್ತ.

“ಬರ್ತಾವೆ ಯಜಮಾನ್ರೇ.”

“ಎಷ್ಟಿವೆ ಅಂತ ಕೇಳ್ದೆ. ಬರೋದಕ್ಕೆ ಅವೇನು ನೆಂಟ್ರಾ?”

“ಸದ್ಯಕ್ಕೆ ಒಂದೂ ಇಲ್ಲ.”

ಯಜಮಾನರು ಗಂಜಿಯ ಬಟ್ಟಲು ಕೆಳಗಿಟ್ಟರು. ಸಿಟ್ಟು ಬಂದಾಗ ಅವರ ದನಿ ಏರುತ್ತಿರಲಿಲ್ಲ, ಸಣ್ಣಗಾಗುತ್ತಿತ್ತು. “ನೋಡಪ್ಪ ಉನೋಶಿಚಿ. ಊರು ಊರೇ ಬರುತ್ತೆ. ಹನ್ನೆರಡಕ್ಕೆ ಇನ್ನೂರು ಇದ್ರೆ ನೀನು ಹಿರಿಯ ಗುಮಾಸ್ತ. ಇಲ್ದಿದ್ರೆ ಅಟ್ಟದ ಮೇಲೇ ಇರು, ತಲೆ ನೆರೆಯೋವರೆಗೂ.”

ಈ ಮಾತು ಉನೋಶಿಚಿಗೆ ಎಷ್ಟು ನಾಟಿತು ಎಂದು ಅರ್ಥವಾಗಲು ಅವನ ವಯಸ್ಸು ತಿಳಿದಿರಬೇಕು. ಹನ್ನೊಂದನೇ ವಯಸ್ಸಿಗೆ ಅಂಗಡಿ ಸೇರಿದವನಿಗೆ ಈಗ ಇಪ್ಪತ್ತೊಂಬತ್ತು. ಅಟ್ಟದ ಮೇಲೆ ಮಲಗುವವನಿಗೆ ಮದುವೆಯಿಲ್ಲ ಎಂಬುದು ಒಸಾಕದ ಅಂಗಡಿಗಳ ರಿವಾಜು. ಹಿರಿಯ ಗುಮಾಸ್ತನಾದರೆ ಅಂಗಡಿಯೇ ಬೇರೆ ಮನೆ ಕೊಡುತ್ತದೆ, ಹೆಸರಿನ ಬಾಲ ಕತ್ತರಿಸಿ ‘ಸುಕೆ’ ಎಂಬ ಗೌರವದ ಬಾಲ ಜೋಡಿಸುತ್ತದೆ, ಆಮೇಲೆ ಹೆಂಡತಿಯ ಮಾತು. ಉನೋಶಿಚಿಯ ಮಟ್ಟಿಗೆ ಆ ಮಾತಿಗೆ ಓಫುಜಿ ಎಂದು ಹೆಸರಿತ್ತು. ಬೀದಿಯ ಕೊನೆಯಲ್ಲಿರುವ ಸಾರ್ವಜನಿಕ ಸ್ನಾನದ ಮನೆಯ ಒಡೆಯ ತೊಕುಜೊ ಅವರ ಮಗಳು. ಬಾಗಿಲ ಬಳಿಯ ಎತ್ತರದ ಪೀಠದಲ್ಲಿ ಕೂತು, ಬಂದವರಿಗೆಲ್ಲ “ನೀರು ಬಿಸಿ ಇದೆ, ನಿಧಾನ” ಎಂದು ಹೇಳುವವಳು. ಎಲ್ಲರಿಗೂ ಒಂದು ಸಲ ಹೇಳಿದರೆ ಉನೋಶಿಚಿಗೆ ಎರಡು ಸಲ ಹೇಳುತ್ತಿದ್ದಳು.

ತೊಕುಜೊ ಮೊನ್ನೆಯೇ ಕಡ್ಡಿ ಮುರಿದಂತೆ ಹೇಳಿದ್ದರು. “ಕೋಬೆ ಊರಿನ ಸೋಪಿನ ವ್ಯಾಪಾರಿ ಮನೆಯೋರು ಹದಿನೈದಕ್ಕೆ ಉತ್ತರ ಕೇಳೋಕೆ ಬರ್ತಾರೆ. ಹದಿನಾಲ್ಕರ ಸಂಜೆಯೊಳಗೆ ನಿಂಗೆ ಅಂತ ಒಂದು ಮನೆ ಇದ್ರೆ ಹುಡುಗಿ ನಿಂಗೆ. ನನ್ನ ಮಗಳನ್ನ ಏಣಿ ಹತ್ತಿಸಿ ಅಟ್ಟಕ್ಕೆ ಕಳಿಸೋಕಾಗಲ್ಲ.”

ಉನೋಶಿಚಿ ಗಾಜಿನ ಭರಣಿಯೊಂದನ್ನು ಬಗಲಲ್ಲಿ ಇಟ್ಟುಕೊಂಡು ಹೊರಬಿದ್ದ.

ಮೊದಲು ಹೋದದ್ದು ರಿಕ್ಷಾ ಎಳೆಯುವವರ ವಸತಿಗೆ. ಅಲ್ಲಿಯ ಚಿಗಟಗಳಿಗೆ ಊರಲ್ಲೆಲ್ಲ ಹೆಸರಿತ್ತು. ವಸತಿಯ ಯಜಮಾನ ನಿನ್ನೆ ಉತ್ಸಾಹದಲ್ಲಿ ನೆಲಕ್ಕೆಲ್ಲ ಕುದಿನೀರು ಸುರಿದಿದ್ದ. “ಒಂದು ವಾರ ಮುಂಚೆ ಬಂದಿದ್ರೆ ಸೇರಿನಲ್ಲಿ ಅಳೆದು ಕೊಡ್ತಿದ್ದೆ ಕಣಯ್ಯ,” ಎಂದು ಅವನೇ ನೊಂದುಕೊಂಡ.

ಅಲ್ಲಿಂದ ನರಿದೇವರ ಗುಡಿಗೆ. ಅಲ್ಲೊಂದು ಬೀಡಾಡಿ ನಾಯಿ ಕಿವಿ ಕೆರೆದುಕೊಳ್ಳುತ್ತ ಕೂತಿತ್ತು. ಕೆರೆದುಕೊಳ್ಳುವ ನಾಯಿಯನ್ನು ಕಂಡು ಅಷ್ಟು ಸಂತೋಷಪಟ್ಟ ಮನುಷ್ಯ ಆ ಗುಡಿಯ ಅಂಗಳದಲ್ಲಿ ಹಿಂದೆಂದೂ ನಿಂತಿರಲಾರ. ಉನೋಶಿಚಿ ಜೇಬಿನಿಂದ ಹಣಿಗೆ ತೆಗೆದು ಬಾಚತೊಡಗಿದ. ನಾಯಿಗೆ ಹಿತವಾಯಿತು. ಕಣ್ಣು ಮುಚ್ಚಿತು, ಬೆನ್ನು ಕೊಟ್ಟಿತು, ಕೊನೆಗೆ ಅಂಗಾತ ಮಲಗಿ ಹೊಟ್ಟೆಯನ್ನೂ ಒಪ್ಪಿಸಿತು. ಒಟ್ಟು ಸಿಕ್ಕಿದ್ದು ನಾಲ್ಕು. ಅವನ್ನು ಭರಣಿಗೆ ಹಾಕಲು ಮುಚ್ಚಳ ತೆರೆದಾಗ ಮೂರು ಹಾರಿ ಮತ್ತೆ ನಾಯಿಯ ಮೇಲೆ ಕೂತವು. ನಾಲ್ಕನೆಯದು ಉನೋಶಿಚಿಯ ಕುತ್ತಿಗೆಯೊಳಗೆ ಇಳಿಯಿತು. ಅವನು ಅಂಗಿಯ ಕೊರಳಪಟ್ಟಿ ಸಡಿಲಿಸಿ ಕುಣಿಯುತ್ತಿರುವಾಗ ನಾಯಿ, ಆಟ ಶುರುವಾಯಿತೆಂದುಕೊಂಡು, ಹಣಿಗೆ ಕಚ್ಚಿಕೊಂಡು ಓಡಿತು. ಹಣಿಗೆ ಯಜಮಾನರ ಹೆಂಡತಿಯದು.

ಗಂಟೆ ಒಂಬತ್ತೂವರೆಯಾಯಿತು. ಇನ್ನು ಉಳಿದದ್ದು ಮನೆಮನೆಗೆ ಹೋಗಿ ಕೇಳುವುದು.

ಅಂಗಡಿಯ ಎದುರಿಗೇ ತೋಫು ಮಾರುವ ಓತೊರಾ ಅವರ ಮನೆ. ಓತೊರಾ ಒಳ್ಳೆಯವರು, ಆದರೆ ಅವರ ಗಂಟಲು ಬೀದಿಗೆಲ್ಲ ಸಾಕಾಗುವಷ್ಟಿತ್ತು.

“ಓತೊರಾ ಅಕ್ಕಾ,” ಎಂದ ಉನೋಶಿಚಿ ತಲೆ ಬಗ್ಗಿಸಿ, “ತಪ್ಪು ತಿಳ್ಕೋಬೇಡಿ. ನಿಮ್ಮನೇಲಿ ಸ್ವಲ್ಪ ಚಿಗಟ ಇದ್ರೆ...”

“ಏನಂದೆ?”

“ಒಂದು ಹತ್ತಿಪ್ಪತ್ತು.”

“ಸಕ್ಕರೆ ಕೇಳೋ ಹಾಗೆ ಚಿಗಟ ಕೇಳ್ತಾನಲ್ಲಪ್ಪ! ಬಾಗಿಲ ಮೇಲೆ ಚೀಟಿ ಕಾಣಿಸಲ್ವಾ? ನಿನ್ನೆ ನಮ್ಮ ಯಜಮಾನ್ರು ಕುಂಟು ಕಾಲಲ್ಲಿ ಹನ್ನೆರಡು ಚಾಪೆ ಹೊತ್ತಿದಾರೆ. ಮೇಲಿಂದ ನಿಮ್ಮ ಪುಡಿ ಎರಡು ಡಬ್ಬಿ ಹಾಕಿದೀನಿ. ಈಗ ನೀನೇ ಹೇಳು. ಚಿಗಟ ಇದೆ ಅಂದ್ರೆ ನಿನ್ನ ಪುಡಿ ಸುಳ್ಳು. ಇಲ್ಲ ಅಂದ್ರೆ ನಿಂಗೆ ಚಿಗಟ ಇಲ್ಲ. ಯಾವುದು ಬೇಕು?”

ಉನೋಶಿಚಿ ಎರಡೂ ಬೇಕು ಎಂದು ಹೇಳುವ ಹಾಗಿರಲಿಲ್ಲ.

ಪಕ್ಕದ ಮನೆಯಲ್ಲಿ ಶಾಮಿಸೆನ್ ತಂತಿವಾದ್ಯ ಕಲಿಸುವ ಓರಿಯೊ ಮೇಡಂ ಇದ್ದರು. ಅವರು ಇದನ್ನೆಲ್ಲ ಗೋಡೆಯಾಚೆಯಿಂದಲೇ ಕೇಳಿಸಿಕೊಂಡಿದ್ದರು. ಅವನು ಬಾಗಿಲು ಸರಿಸುವ ಮೊದಲೇ ಒಳಗಿಂದ ದನಿ ಬಂತು: “ಇಲ್ಲ! ನಮ್ಮನೇಲಿ ಸಂಗೀತ ಬಿಟ್ರೆ ಬೇರೇನೂ ಇಲ್ಲ!”

ಹತ್ತು ನಿಮಿಷದಲ್ಲಿ ಬೀದಿಗೆ ಸುದ್ದಿ ಹಬ್ಬಿತು. ಹರಿಮಾಯದ ಉನೋಶಿಚಿ ಭರಣಿ ಹಿಡಿದು ಮನೆಮನೆಯಲ್ಲೂ ಚಿಗಟ ಇದೆಯಾ ಎಂದು ವಿಚಾರಿಸುತ್ತಿದ್ದಾನೆ, ಅವನನ್ನು ಕಳಿಸಿದ್ದು ನುಕಾಗ ಸಾಹೇಬರೇ, ಹೌದು ಎಂದವರ ಚೀಟಿ ಕಿತ್ತು ಮತ್ತೆ ಎಲ್ಲ ಚಾಪೆ ಹೊರಗೆ ಹಾಕಿಸುತ್ತಾರಂತೆ! ಅಲ್ಲಿಂದ ಮುಂದೆ ಉನೋಶಿಚಿಗೆ ಎಲ್ಲಿಲ್ಲದ ಮರ್ಯಾದೆ. ಅಕ್ಕಿ ಅಂಗಡಿಯಲ್ಲಿ ಚಹಾ ಕೊಟ್ಟರು. ಕೊಡೆ ಮಾಡುವವರ ಮನೆಯಲ್ಲಿ ಹುರುಳಿ ಹೂರಣದ ಕಡುಬು ಕೊಟ್ಟರು. ಮುದುಕರೊಬ್ಬರು ಅವನ ತಂದೆಯ ಆರೋಗ್ಯ ವಿಚಾರಿಸಿದರು, ತಂದೆ ತೀರಿ ಒಂಬತ್ತು ವರ್ಷವಾಗಿತ್ತು. ಹೊಟ್ಟೆ ತುಂಬಿತು, ಭರಣಿ ತುಂಬಲಿಲ್ಲ.

ಹತ್ತೂವರೆಗೆ ಅವನು ಅಂಗಡಿಯ ಹಿತ್ತಿಲಿಗೆ ಬಂದು, ಬಾವಿಕಟ್ಟೆಯ ಮೇಲೆ ಖಾಲಿ ಭರಣಿ ಇಟ್ಟು, ಅದರ ಪಕ್ಕದಲ್ಲಿ ತಾನೂ ಇನ್ನೊಂದು ಖಾಲಿ ಭರಣಿಯಂತೆ ಕೂತ. ನೀರಿಗೆ ಬಂದ ಓತೊರಾ ನೋಡಿದರು.

“ಯಾಕಯ್ಯಾ, ಮುಖ ಹೀಗಿದೆ? ನುಕಾಗ ಸಾಹೇಬ್ರು ಬೈದ್ರಾ?”

“ನುಕಾಗ ಸಾಹೇಬ್ರು ಯಾಕೆ ಬೈತಾರೆ ಅಕ್ಕಾ?” ಎಂದ ಉನೋಶಿಚಿ. ಕರಪತ್ರ, ಇನ್ನೂರು, ಅಟ್ಟ, ಮನೆ, ಕೋಬೆಯ ಸೋಪು ಎಲ್ಲವನ್ನೂ ಹೇಳಿಕೊಂಡ. ಓಫುಜಿಯ ಹೆಸರನ್ನು ಮಾತ್ರ ಭರಣಿಯ ಕಡೆ ತಿರುಗಿ ಹೇಳಿದ.

ಓತೊರಾ ಕೊಡವನ್ನು ಕೆಳಗಿಟ್ಟರು. “ಹುಚ್ಚಪ್ಪ. ಮದುವೆಗೆ ಬೇಕು ಅಂತ ಮೊದಲೇ ಹೇಳ್ಬಾರ್ದಾ?”

ಅವರು ನೀರನ್ನೂ ಸೇದದೆ ಹೋದರು. ಕಾಲು ಗಂಟೆಯ ಮೇಲೆ ಹಿತ್ತಿಲ ಬಾಗಿಲು ಬೆರಳಗಲ ಸರಿದು ಒಂದು ಕೈ ಒಳಗೆ ಬಂತು. ಕೈಯಲ್ಲಿ ಬಿಗಿಯಾಗಿ ಮಡಿಸಿದ ಕಾಗದದ ಪೊಟ್ಟಣ.

“ಮೂವತ್ತಿವೆ,” ಎಂದಿತು ಓತೊರಾ ಅವರ ಪಿಸುದನಿ. ಬೀದಿಯ ಅರ್ಧಕ್ಕೆ ಕೇಳುವ ಪಿಸುದನಿ. “ನಮ್ಮನೇದಲ್ಲ ಮತ್ತೆ. ಓರಿಯೊ ಮೇಡಂ ಮನೆಯಿಂದ ಹಾರಿ ಬಂದಿರೋವು.”

ಅವರ ಹಿಂದೆಯೇ ಓರಿಯೊ ಮೇಡಂ ಮುಸುಕು ಹಾಕಿಕೊಂಡು ಬಂದರು. “ನಲವತ್ತು. ತೋಫು ಮನೆ ಬೆಕ್ಕು ಬಿಟ್ಟು ಹೋಗಿದ್ದು. ನಮ್ಮನೇಲಿ ಸಂಗೀತ ಬಿಟ್ರೆ ಬೇರೇನೂ ಇಲ್ಲ, ನೆನಪಿರ್ಲಿ.”

ಅಕ್ಕಿಯವರು ಬಂದರು, ಕೊಡೆಯವರು ಬಂದರು. ಯಾರ ಚಿಗಟವೂ ಯಾರ ಮನೆಯದೂ ಅಲ್ಲ, ಎಲ್ಲವೂ ಪಕ್ಕದ ಮನೆಯವು. ತಂದೆಯ ಆರೋಗ್ಯ ಕೇಳಿದ ಮುದುಕರು ಹನ್ನೆರಡನ್ನು ತಂದು, “ದೊಡ್ಡದನ್ನೇ ಆರಿಸಿದೀನಿ ಮಗಾ,” ಎಂದರು, ಕಣ್ಣು ಸರಿಯಾಗಿ ಕಾಣದ ಅವರು ಅಷ್ಟನ್ನು ಹಿಡಿಯಲು ಎಷ್ಟು ಹೊತ್ತು ಚಾಪೆಯ ಮೇಲೆ ಬಗ್ಗಿ ಕೂತಿದ್ದರೋ. ಹನ್ನೊಂದೂ ಮುಕ್ಕಾಲಿಗೆ ಭರಣಿಯೊಳಗೆ ಎಳ್ಳು ಹುರಿದಂತೆ ಚಟಪಟ ಸದ್ದು. ಇನ್ನೂರಕ್ಕೆ ಮೇಲೆ ಮೂರಿದ್ದವು.

ಹನ್ನೆರಡಕ್ಕೆ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಜನರ ನಡುವೆ ತೊಕುಜೊ ಕೈಕಟ್ಟಿ ನಿಂತಿದ್ದರು, ಅವರ ಹಿಂದೆ ಓಫುಜಿ. ಮಾಮೆಹಾಚಿ ಮರದ ತಾಳ ತಟ್ಟಿ ಶುರುಮಾಡಿದ.

“ಮೂಡಣದೋರೇ, ಪಡುವಣದೋರೇ, ಕೇಳಿರಪ್ಪೋ ಕೇಳಿ! ಎಡಗಡೆ ಗಾಜಿನಲ್ಲಿ ನೂರು ಚಿಗಟ, ಅದಕ್ಕೆ ಯಾರ್ಯಾರೋ ಮಾರೋ ಪುಡಿ! ಬಲಗಡೆ ನೂರು, ಅದಕ್ಕೆ ನಮ್ಮ ಯಮರಾಯ! ಹೃದಯ ದುರ್ಬಲ ಇರೋರು ದಯವಿಟ್ಟು ಮುಂದೆ ಬನ್ನಿ, ಹಿಂದೆ ನಿಂತ್ರೆ ಕಾಣಿಸಲ್ಲ!”

ಯಾರ್ಯಾರೋ ಮಾರುವ ಪುಡಿ ಯಜಮಾನರ ಅಡಿಗೆಮನೆಯ ಗೋಧಿಹಿಟ್ಟಾಗಿತ್ತು, ಅದು ಬೇರೆ ಮಾತು. ಎಡಗಡೆಯ ನೂರು ಹಿಟ್ಟು ಮೆತ್ತಿಕೊಂಡು ಹಬ್ಬಕ್ಕೆ ಬಂದವರಂತೆ ಕುಣಿದವು. ಬಲಗಡೆಯವು ಮೊದಲು ಓಡಾಡಿದವು, ಆಮೇಲೆ ತೂರಾಡಿದವು, ಕೊನೆಗೆ ಒಂದೊಂದಾಗಿ ಮಗುಚಿಕೊಂಡವು. ಯಮರಾಯನ ಪುಡಿ ಸುಳ್ಳಲ್ಲ, ಚಾಪೆಯ ಅಡಿಯಲ್ಲಿ ಹಾಕಿದರೆ ಚಾಪೆಯ ಮೇಲಿದ್ದವಕ್ಕೆ ತಿಳಿಯುತ್ತಿರಲಿಲ್ಲ, ಅಷ್ಟೆ. ಜನ ಹೋ ಎಂದರು. ಯಜಮಾನರು ಮೀಸೆ ನೀವಿಕೊಂಡರು.

“ಸ್ವಲ್ಪ ದಾರಿ ಬಿಡಿ,” ಎಂಬ ದನಿ ಕೇಳಿತು.

ನುಕಾಗ ಸಾಹೇಬರು! ಬಿಳಿ ಕೈಗವಸು, ಸೊಂಟದಲ್ಲಿ ಕತ್ತಿ, ಕೈಯಲ್ಲಿ ಕರಪತ್ರ. ಎರಡೂ ಗಾಜುಗಳನ್ನು ಬಗ್ಗಿ ನೋಡಿದರು.

“ನಿನ್ನೆ ಸಂಜೆ ಈ ಬೀದೀಲಿ ಒಂದೂ ಚಿಗಟ ಇಲ್ಲ ಅಂತ ನಾನು ಮೇಲಿನೋರಿಗೆ ಬರೆದು ಕಳಿಸಿದೀನಿ. ಇವು ಇನ್ನೂರು. ಯಾವ ಮನೇವು?”

ಓತೊರಾ ಆಕಾಶ ನೋಡಿದರು. ಓರಿಯೊ ಮೇಡಂ ಬಿಸಿಲಿಲ್ಲದಿದ್ದರೂ ಕೊಡೆ ಬಿಚ್ಚಿ ಅದರ ಹಿಂದೆ ಮಾಯವಾದರು. ಉನೋಶಿಚಿಗೆ ಒಂದು ಕ್ಷಣ ನಿಜ ಹೇಳಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ತೋಫು ಮನೆಯ ಹೊಸ್ತಿಲ ಮೇಲೆ ಕುಂಟು ಕಾಲು ಚಾಚಿ ಕೂತಿದ್ದ ಓತೊರಾ ಅವರ ಗಂಡ ಕಣ್ಣಿಗೆ ಬಿದ್ದರು. ಮತ್ತೆ ಹನ್ನೆರಡು ಚಾಪೆ.

“ನಮ್ಮ ಅಂಗಡೀವು ಸಾಹೇಬ್ರೇ,” ಎಂದ ಉನೋಶಿಚಿ.

ಮಾಮೆಹಾಚಿಯ ಕೈಯಿಂದ ತಾಳ ಜಾರಿ ಬಿತ್ತು. ಚಿಗಟದ ಪುಡಿಯ ಅಂಗಡಿಯಲ್ಲೇ ಇನ್ನೂರು ಚಿಗಟ! ಯಜಮಾನರ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ನೋಡುನೋಡುತ್ತಲೇ ಜೇನು ಸವರಿದಂತೆ ಹೊಳೆಯಿತು. ನಲವತ್ತು ವರ್ಷ ಗಿರಾಕಿಗಳ ಎದುರು ನಿಂತ ಮನುಷ್ಯ ಅವರು.

“ಹೌದು ಸಾಹೇಬ್ರೇ! ನಾವೇ ಸಾಕಿರೋವು. ಪುಡಿ ಪರೀಕ್ಷೆ ಮಾಡ್ಬೇಕಲ್ಲ? ಬೀದಿ ಚಿಗಟ ನಂಬೋ ಹಾಗಿಲ್ಲ, ಒಂದು ಸೊರಗಿರುತ್ತೆ, ಒಂದು ಕೊಬ್ಬಿರುತ್ತೆ. ನಮ್ಮವು ಎಲ್ಲ ಒಂದೇ ಅಳತೆ.”

“ಸಾಕಿರೋವಾ?” ನುಕಾಗ ಸಾಹೇಬರು ಎದೆಯ ಜೇಬಿನಿಂದ ನಿಯಮಗಳ ಪುಸ್ತಕ ತೆಗೆದರು. ಹಾಳೆ ತಿರುವಿದರು. “ಹಸು ಸಾಕೋಕೆ ನಿಯಮ ಇದೆ. ಹಂದಿ ಇದೆ. ಜೇನಿದೆ. ಚಿಗಟ ಇಲ್ಲ.” ಸ್ವಲ್ಪ ಯೋಚಿಸಿದರು. “ಹಂದಿ ನಿಯಮ ಹಚ್ಚೋಣ. ಅಂಗಡಿ ಒಳಗೆ ಇಡೋ ಹಾಗಿಲ್ಲ, ಬೇರೆ ಮನೆ ಇರ್ಬೇಕು. ಜವಾಬ್ದಾರಿ ಇರೋ ಮನುಷ್ಯ ಒಬ್ಬ ಅಲ್ಲೇ ವಾಸ ಇರ್ಬೇಕು. ಇದೆಯಾ?”

“ಇಲ್ದೆ ಏನು!” ಎಂದರು ಯಜಮಾನರು. “ಹಿಂದಿನ ಓಣೀಲಿ ನಮ್ಮದೇ ಎರಡು ಕೋಣೆ ಮನೆ ಖಾಲಿ ಇದೆ. ಮನುಷ್ಯ ಇಲ್ಲೇ ನಿಂತಿದಾನೆ. ನಮ್ಮ ಹಿರಿಯ ಗುಮಾಸ್ತ. ಹೆಸರು ಉನೋಸುಕೆ.”

ಉನೋಶಿಚಿ ಹಿಂದೆ ತಿರುಗಿ ಉನೋಸುಕೆ ಯಾರೆಂದು ನೋಡಿದ. ಹಿಂದೆ ಯಾರೂ ಇರಲಿಲ್ಲ. ಆಮೇಲೆ ಅರ್ಥವಾಯಿತು. ಓತೊರಾ ಚಪ್ಪಾಳೆ ತಟ್ಟಿದರು, ಬೀದಿಯೆಲ್ಲ ತಟ್ಟಿತು. ಓರಿಯೊ ಮೇಡಂ ಕೊಡೆ ಮಡಚಿ ಕಣ್ಣೊರೆಸಿಕೊಂಡರು. “ಉಳಿದ ನಿಯಮಗಳನ್ನ ಠಾಣೇಲಿ ಬರೆದು ಸಂಜೆ ತಂದು ಕೊಡ್ತೀನಿ,” ಎಂದು ನುಕಾಗ ಸಾಹೇಬರು ಹೇಳಿದ್ದು ಆ ಗಲಾಟೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ. ತೊಕುಜೊ ಜನರ ನಡುವಿನಿಂದ ಬಂದು ಉನೋಸುಕೆಯ ಭುಜ ತಟ್ಟಿದರು. “ಐದು ಗಂಟೆಗೆ ಮನೆ ನೋಡೋಕೆ ಬರ್ತೀವಪ್ಪ. ಮಗಳೂ ಬರ್ತಾಳೆ.”

ಮನೆ ಚೆನ್ನಾಗಿತ್ತು. ದಕ್ಷಿಣಕ್ಕೆ ಬಿಸಿಲು, ಬಾಗಿಲಲ್ಲೇ ಬಾವಿ, ಒಂದು ದಾಳಿಂಬೆ ಗಿಡ. ಉನೋಸುಕೆ ಮಧ್ಯಾಹ್ನವೆಲ್ಲ ನೆಲ ಒರೆಸಿದ. ಓತೊರಾ ಹೇಳದೆ ಕೇಳದೆ ಬಂದು ಒಲೆ ಹೊತ್ತಿಸಿ ಹೋದರು. ಹಿಟ್ಟು ಮೆತ್ತಿದ ನೂರು ಚಿಗಟಗಳ ಗಾಜನ್ನು ಅವನು ಹಿಂದಿನ ಕೋಣೆಯ ಗೂಡಿನಲ್ಲಿಟ್ಟು ಮೇಲೊಂದು ಬಟ್ಟೆ ಹೊದಿಸಿದ. ಅವುಗಳ ವಿಷಯ ನಾಳೆ ನೋಡಿಕೊಂಡರಾಯಿತು.

ಐದಕ್ಕೆ ಸರಿಯಾಗಿ ತೊಕುಜೊ ಬಂದರು. ಕಂಬ ತಟ್ಟಿದರು, ಚಾಪೆಯ ಅಂಚು ಹಿಡಿದು ನೋಡಿದರು, ಬಾವಿಯ ನೀರು ಕುಡಿದರು.

“ನೀರು ಸಿಹಿ ಇದೆ,” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಓಫುಜಿ ಕಿಟಕಿಯ ಬಳಿ ನಿಂತು, “ಬಟ್ಟೆ ಪೆಟ್ಟಿಗೆ ಈ ಕಡೆ ಇಟ್ರೆ ಬಿಸಿಲು ಬೀಳಲ್ಲ, ಅಲ್ವಾ?” ಎಂದಳು. ಯಾರಿಗೆ ಕೇಳಿದಳೋ. ಉನೋಸುಕೆ ಎರಡು ಸಲ ಹೌದು ಎಂದ.

“ಸರಿ ಹಾಗಾದ್ರೆ,” ಎಂದು ತೊಕುಜೊ ಕೂತರು. “ನಾಳೆ ಕೋಬೆಯೋರಿಗೆ ನಾನು...”

ಹೊರಗೆ ಬಾಗಿಲ ಮೇಲೆ ಸುತ್ತಿಗೆಯ ಏಟು ಬಿತ್ತು. ಒಂದು, ಎರಡು, ಮೂರು, ನಾಲ್ಕು. ಮೂವರೂ ಹೊರಗೆ ಬಂದರು. ನುಕಾಗ ಸಾಹೇಬರು ಮೊಳೆ ಹೊಡೆದು, ಎರಡು ಹೆಜ್ಜೆ ಹಿಂದೆ ಸರಿದು, ಹಲಗೆ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಹೊಸ ಮರ, ಕಪ್ಪು ಶಾಯಿ, ನೂರು ಹೆಜ್ಜೆ ದೂರಕ್ಕೂ ಕಾಣುವ ಅಕ್ಷರ:

‘ಚಿಗಟ ಸಾಕಣೆಯ ಮನೆ. ಸಾಕುವವನ ಹೊರತು ಬೇರೆ ಯಾರೂ ಇಲ್ಲಿ ವಾಸಿಸಕೂಡದು. ಸಾಕುವವನು ಸಾರ್ವಜನಿಕ ಸ್ನಾನದ ಮನೆಗೆ ಕಾಲಿಡಕೂಡದು.’

“ಹಂದಿ ನಿಯಮ, ಹದಿನೇಳನೇ ಕಲಮು,” ಎಂದರು ನುಕಾಗ ಸಾಹೇಬರು ಸೌಜನ್ಯದಿಂದ. “ನೂರು ಅಂತ ದಾಖಲಾಗಿದೆ. ಕಡಿಮೆಯಾದ್ರೆ ಠಾಣೆಗೆ ಬಂದು ಕಾರಣ ಹೇಳ್ಬೇಕು.”

ತೊಕುಜೊ ಹಲಗೆಯನ್ನು ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ ಓದಿದರು.

“ಮನೆ ಚೆನ್ನಾಗಿದೆ ಕಣಪ್ಪ,” ಎಂದರು ಕೊನೆಗೆ, ನಿಜವಾಗಿಯೂ ನೊಂದುಕೊಂಡು. “ಆದ್ರೆ ನಂದು ಸ್ನಾನದ ಮನೆ. ಒಳಗೆ ಬರಕೂಡದ ಅಳಿಯನ್ನ ಇಟ್ಕೊಂಡು ನಾನೇನು ಮಾಡ್ಲಿ? ಬಾರಮ್ಮಾ.”

ಓಫುಜಿ ಚಪ್ಪಲಿ ಮೆಟ್ಟುವ ನೆವದಲ್ಲಿ ಒಂದು ಗಳಿಗೆ ಹಿಂದುಳಿದಳು.

“ಅವು ಎಷ್ಟು ದಿನ ಬದುಕ್ತಾವೆ?” ಎಂದು ಮೆಲ್ಲಗೆ ಕೇಳಿದಳು.

“ಚೆನ್ನಾಗಿ ನೋಡ್ಕೊಂಡ್ರೆ ಒಂದು ವರ್ಷ.”

“ಅಷ್ಟೇನೂ ಚೆನ್ನಾಗಿ ನೋಡ್ಕೋಬೇಡಿ,” ಎಂದು ಹೇಳಿ ಓಡಿದಳು.

ಉನೋಸುಕೆ ಹಲಗೆಯ ಕೆಳಗೆ ನಿಂತೇ ಇದ್ದ. ಓಣಿಯ ಆ ತುದಿಯಿಂದ ಯಜಮಾನ ಕಿಹೇಯಿ ಕೈ ಹಿಂದೆ ಕಟ್ಟಿ, ಹಾಡು ಗುನುಗುತ್ತ ಬಂದರು. ಇವತ್ತಿನ ಪ್ರದರ್ಶನ ನೋಡಿ ಎಂಟು ಬೀದಿಯವರು ತಮ್ಮಲ್ಲೂ ಮಾಡಿ ಎಂದು ಹೇಳಿಕಳಿಸಿದ್ದಾರಂತೆ. ಇನ್ನು ವಾರಕ್ಕೆ ಎರಡು ಸಲ, ಸಲಕ್ಕೆ ಇನ್ನೂರು. ಹಲಗೆ ನೋಡಿ ಅವರಿಗೆ ಇನ್ನೂ ಸಂತೋಷವಾಯಿತು, ಪೊಲೀಸರೇ ಪುಕ್ಕಟೆಯಾಗಿ ಜಾಹೀರಾತು ಬರೆದುಕೊಟ್ಟರಲ್ಲ ಎಂದರು.

“ಯಜಮಾನ್ರೇ,” ಎಂದ ಉನೋಸುಕೆ ಬತ್ತಿದ ದನಿಯಲ್ಲಿ, “ಇವು ಏನು ತಿಂತಾವೆ?”

ಯಜಮಾನರು ಅವನನ್ನು ಅಕ್ಕರೆಯಿಂದ ನೋಡಿದರು. ಹೊಸ ಹಿರಿಯ ಗುಮಾಸ್ತನ ಅಂಗಿಯ ತೋಳನ್ನು ತಮ್ಮ ಕೈಯಾರೆ ಮೊಣಕೈಯವರೆಗೆ ಮಡಿಸಿದರು.

“ಒಳಗೆ ಹೋಗಪ್ಪ,” ಎಂದರು. “ಬೆಳಗಿನಿಂದ ಕುಣಿದಿದಾವೆ. ಅವಕ್ಕೆ ಊಟದ ಹೊತ್ತಾಯ್ತು.”